ರಾಕ್ ಬ್ಯಾಂಡ್‌ಗೆ ಬೇರೆ ನಾಡಿನ ಸಂಗೀತ ತರುವುದು ಹೇಗೆ? ತಾಳದಿಂದ ಸಂಭಾವನೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ರಾಕ್ ಸಂಗೀತಗಾರರು ಬೇರೆ ನಾಡಿನ ಸಂಗೀತಕ್ಕೆ ಮನಸೋತಾಗ ಮೊದಲು ಮಾಡುವ ಕೆಲಸ ಒಂದು ವಾದ್ಯ ಕೊಳ್ಳುವುದು. ಬೀಟಲ್ಸ್ ಬ್ಯಾಂಡಿನ ಗಿಟಾರಿಸ್ಟ್ ಜಾರ್ಜ್ ಹ್ಯಾರಿಸನ್ ಮಾಡಿದ್ದೂ ಅದನ್ನೇ. ಲಂಡನ್‌ನ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿದ್ದ ಇಂಡಿಯಾಕ್ರಾಫ್ಟ್ ಮಳಿಗೆಯಿಂದ ಒಂದು ಸಾಧಾರಣ ಸಿತಾರ್ ತಂದರು. 1965ರ ಅಕ್ಟೋಬರ್‌ನಲ್ಲಿ ಬೀಟಲ್ಸ್‌ನ 'ನಾರ್ವೇಜಿಯನ್ ವುಡ್' ಹಾಡಿಗೆ ಅದನ್ನು ನುಡಿಸಿದರು. ಆ ಹಾಡು ನನಗೆ ತುಂಬಾ ಇಷ್ಟ. ಆದರೆ ಗಮನವಿಟ್ಟು ಕೇಳಿ. ಗಿಟಾರ್‌ಗೆ ಬರೆದ ಮಟ್ಟನ್ನೇ ಸಿತಾರಿನ ತಂತಿಯ ಮೇಲೆ ಮೀಟಿದ್ದಾರೆ. ಹಿಂದೂಸ್ತಾನಿ ಸಂಗೀತ ಅಲ್ಲಿಗೆ ಇನ್ನೂ ಬಂದಿಲ್ಲ.

ಎರಡೇ ವರ್ಷದಲ್ಲಿ ಅದೇ ಮನುಷ್ಯ 'ವಿದಿನ್ ಯು ವಿದೌಟ್ ಯು' ಮಾಡಿದರು. ಅಲ್ಲಿ ತಂಬೂರಿಯ ಶ್ರುತಿ ಇದೆ, ದಿಲ್‌ರುಬಾ ಅನ್ನುವ ಕಮಾನಿನ ತಂತಿವಾದ್ಯ ಹಾಡಿನ ಸಾಲನ್ನು ನೆರಳಿನಂತೆ ಹಿಂಬಾಲಿಸುತ್ತದೆ, ನಡುವೆ ತಾಳವೇ ಬದಲಾಗುತ್ತದೆ. ಈ ಎರಡು ಹಾಡುಗಳ ನಡುವೆ ಅವರು ಒಬ್ಬ ಗುರುವಿನ ಮುಂದೆ ಕೂತು ಕಲಿತಿದ್ದರು.

ಗಿಟಾರ್, ಬೇಸ್, ಡ್ರಮ್ಸ್ ಇರುವ ಬ್ಯಾಂಡ್ ಕಟ್ಟಿಕೊಂಡು, ಇನ್ನೊಂದು ನಾಡಿನ ಸಂಗೀತವನ್ನು ತಮ್ಮ ಹಾಡಿಗೆ ತರಬೇಕು ಅಂತ ಆಸೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅನುಭವದಲ್ಲಿ ಸರಿಯಾದ ದಾರಿ ಇದು: ಮೊದಲು ಕಾಲದ ಲೆಕ್ಕ, ಅಂದರೆ ತಾಳ. ಆಮೇಲೆ ಜನ. ವಾದ್ಯದ ದನಿ ಎಲ್ಲಕ್ಕಿಂತ ಕೊನೆಗೆ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಹಂತ 1: ಒಂದೇ ಜನರ ಸಂಗೀತ ಆರಿಸಿಕೊಳ್ಳಿ

'ಆಫ್ರಿಕನ್ ರಿದಮ್ ಹಾಕೋಣ' ಅಂತ ಶುರುವಾದ ಹಾಡು ಎಲ್ಲಿಗೂ ಮುಟ್ಟುವುದಿಲ್ಲ. ಘಾನಾದ ಎವೆ ಜನರ ಡೋಲು ಬೇರೆ, ಜಿಂಬಾಬ್ವೆಯ ಶೋನಾ ಜನರು ಬೆರಳಿನಿಂದ ಮೀಟುವ ಎಂಬಿರಾ ಬೇರೆ, ಮಾಲಿಯ ಕೋರಾ ಅನ್ನುವ ತಂತಿವಾದ್ಯ ಬೇರೆ. ಯಾರೋ ಹೊರಗಿನವರು ಚೆಂಡೆ, ಡೊಳ್ಳು, ತಮಟೆ ಮೂರನ್ನೂ ಒಂದೇ ಲೂಪಿಗೆ ತುಂಬಿ 'ಕರ್ನಾಟಕ ಬೀಟ್' ಅಂದರೆ ನಮಗೆ ಹೇಗನಿಸುತ್ತದೆ? ಅವರಿಗೂ ಹಾಗೇ ಅಲ್ವಾ?

ಯಾವುದನ್ನು ಆರಿಸುವುದು ಅನ್ನುವುದಕ್ಕೆ ನಿಮ್ಮ ಬ್ಯಾಂಡಿನ ಬಲವನ್ನೇ ನೋಡಿ. ಗಿಟಾರ್ ಚೆನ್ನಾಗಿದ್ದರೆ ಮಾಲಿ, ಜಿಂಬಾಬ್ವೆ, ಕಾಂಗೊ ಕಡೆ ಹೋಗಿ. ಅಲ್ಲಿ ಗಿಟಾರ್ ಎಷ್ಟೋ ದಶಕಗಳ ಹಿಂದೆಯೇ ನೆಲೆಸಿದೆ. ಅಲ್ಲಿಯ ಗಿಟಾರ್ ವಾದಕರು ನಿಮ್ಮ ಕೆಲಸದ ಅರ್ಧ ಭಾಗವನ್ನು ಆಗಲೇ ಮಾಡಿಟ್ಟಿದ್ದಾರೆ. ಡ್ರಮ್ಮರ್ ಬಲವಾಗಿದ್ದರೆ ಘಾನಾ, ನೈಜೀರಿಯಾ, ಕ್ಯೂಬಾ. ಹಾಡುಗಾರರೇ ಬ್ಯಾಂಡಿನ ಜೀವವಾಗಿದ್ದರೆ ಕವ್ವಾಲಿ, ಅಥವಾ ದಕ್ಷಿಣ ಆಫ್ರಿಕಾದ ಜುಲು ಗಾಯನ.

ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಆ ಸಂಗೀತ ಬಲ್ಲ ಒಬ್ಬರಾದರೂ ನೀವು ಹೋಗಿ ಕೂರಬಹುದಾದ ದೂರದಲ್ಲಿ ಇದ್ದಾರಾ? ಇಲ್ಲದಿದ್ದರೆ ಇರುವ ಇನ್ನೊಂದನ್ನು ಆರಿಸಿ.

ಹಂತ 2: ಬೆರಕೆ ಮಾಡಿದವರನ್ನು ಬಿಟ್ಟು ಮೂಲದವರನ್ನು ಕೇಳಿ

ಅಮೆರಿಕದ ರಾಕ್ ಬ್ಯಾಂಡ್ ಟಾಕಿಂಗ್ ಹೆಡ್ಸ್‌ನ 1980ರ 'ರಿಮೇನ್ ಇನ್ ಲೈಟ್' ಆಲ್ಬಂ ಕೇಳಿ ಈ ದಾರಿಗೆ ಬಂದವರು ತುಂಬಾ ಜನ. ಒಳ್ಳೆಯದೇ. ಆದರೆ ಅದನ್ನು ಮಾಡುವಾಗ ಅವರು ಕೇಳುತ್ತಿದ್ದದ್ದು ನೈಜೀರಿಯಾದ ಫೆಲಾ ಕುಟಿಯನ್ನು. ನೀವೂ ಫೆಲಾ ಬಳಿಗೇ ಹೋಗಿ. ನಕಲಿನ ನಕಲು ಮಾಡಿದರೆ ಬಣ್ಣ ಮಂಕಾಗುತ್ತದೆ.

ಕೇಳುವುದಕ್ಕೂ ಒಂದು ಕ್ರಮ ಬೇಕು. ಒಂದು ಹಾಡು ಹಾಕಿ. ಮೊದಲ ಸಲ ಗಿಲಕಿ ಅಥವಾ ಗಂಟೆಯನ್ನು ಮಾತ್ರ ಹಿಂಬಾಲಿಸಿ. ಎರಡನೇ ಸಲ ಬೇಸ್ ಮಾತ್ರ. ಮೂರನೇ ಸಲ ಒಂದೇ ಗಿಟಾರ್. ಹಾಡುಗಾರ ಉಸಿರು ಎಳೆದುಕೊಳ್ಳುವ ಜಾಗಕ್ಕೆ ಒಂದು ಸಲ ಪೂರ್ತಿ ಮೀಸಲಿಡಿ. ಹೀಗೆ ಕೇಳಿದರೆ ಒಂದು ಹಾಡೇ ಒಂದು ವಾರ ಹಿಡಿಯುತ್ತದೆ. ಸುಮ್ನೆ ಪ್ಲೇಲಿಸ್ಟ್ ಓಡಿಸಿ ನೂರು ಹಾಡು ಕೇಳುವುದಕ್ಕಿಂತ ಇದು ಎಷ್ಟೋ ಮೇಲು.

ಕೇಳುವಾಗ ಒಂದು ಪುಸ್ತಕದಲ್ಲಿ ಬರೆದಿಡಿ: ಕಾಲು ಎಲ್ಲಿ ಬೀಳುತ್ತದೆ, ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಎಷ್ಟು ಹೊತ್ತಿಗೆ ಬದಲಾಗುತ್ತದೆ, ಯಾವ ವಾದ್ಯ ಒಮ್ಮೆಯೂ ನಿಲ್ಲುವುದಿಲ್ಲ. ಆ ನಿಲ್ಲದ ವಾದ್ಯವೇ ಹೆಚ್ಚಾಗಿ ಇಡೀ ಸಂಗೀತದ ಕೀಲಿ.

ಹಂತ 3: ವಾದ್ಯ ಮುಟ್ಟುವ ಮೊದಲು ಬಾಯಲ್ಲಿ, ಕೈಯಲ್ಲಿ ಕಲಿಯಿರಿ

ಈ ಹಂತಕ್ಕೆ ಬೇರೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ. ಕನ್ನಡದವರಿಗೆ ಇಲ್ಲಿ ಒಂದು ದೊಡ್ಡ ಅನುಕೂಲ ಇದೆ. ಸೊಲ್ಲು ಹೇಳಿ ತಾಳ ಹಾಕುವುದು ನಮ್ಮ ನೆಲದ ಪಾಠಕ್ರಮ. ಅದನ್ನೇ ಉಪಯೋಗಿಸಿ ಪಶ್ಚಿಮ ಆಫ್ರಿಕಾದ ಒಂದು ಗಂಟೆಯ ನಡೆ ಕಲಿಯೋಣ. ಎವೆ ಜನ ಇದನ್ನು ಗಂಕೋಗುಯಿ ಅನ್ನುವ ಕಬ್ಬಿಣದ ಗಂಟೆಯ ಮೇಲೆ ಬಾರಿಸುತ್ತಾರೆ. ಇದೇ ನಡೆ ಗುಲಾಮರಾಗಿ ಹೋದವರ ಜೊತೆ ಕ್ಯೂಬಾಕ್ಕೂ ಹೋಗಿ ಅಲ್ಲಿ ಉಳಿದಿದೆ.

ನಿಧಾನಕ್ಕೆ ಹೇಳಿ: ತಕಿಟ ತಕಿಟ ತಕಿಟ ತಕಿಟ. ಒಟ್ಟು 12 ಅಕ್ಷರ. ಪ್ರತಿ 'ತ'ಗೆ ಒಂದು ಚಪ್ಪಾಳೆ, ಅಂದರೆ 4 ಚಪ್ಪಾಳೆ. ನಿಮಿಷಕ್ಕೆ 60 ಚಪ್ಪಾಳೆಯ ಕಾಲದಲ್ಲಿ ಶುರು ಮಾಡಿ. ತಿಶ್ರ ನಡೆ ಅಂತ ನಾವು ಕರೆಯುವುದೇ ಇದು, ಇಲ್ಲಿಯವರೆಗೆ ಹೊಸದೇನೂ ಇಲ್ಲ.

ಈಗ ಕೆಲವು ಅಕ್ಷರಗಳನ್ನು ಮನಸ್ಸಿನಲ್ಲೇ ಹೇಳಿ, ಉಳಿದವನ್ನು ಮಾತ್ರ ಗಟ್ಟಿಯಾಗಿ ಹೇಳಿ:

ತ – ಟ | – ಕಿ ಟ | – ಕಿ – | ತ – ಟ

ಗಟ್ಟಿ ಅಕ್ಷರಗಳು 7. ಅವು ಬೀಳುವ ಜಾಗ 1, 3, 5, 6, 8, 10, 12. ಚಪ್ಪಾಳೆ ಮಾತ್ರ ಬದಲಾಗದೆ 1, 4, 7, 10ರಲ್ಲೇ ಬೀಳಬೇಕು. ಲೆಕ್ಕ ಹಾಕಿ ನೋಡಿ: ಗಂಟೆ ಮತ್ತು ಚಪ್ಪಾಳೆ ಒಟ್ಟಿಗೆ ಸೇರುವುದು ಎರಡೇ ಕಡೆ, ಒಂದನೇ ಅಕ್ಷರದಲ್ಲಿ ಮತ್ತು ಹತ್ತನೇ ಅಕ್ಷರದಲ್ಲಿ. ನಡುವಿನ ಎರಡು ಚಪ್ಪಾಳೆಗಳ ಹೊತ್ತಿಗೆ ಗಂಟೆ ಮೌನವಾಗಿರುತ್ತದೆ. ಅಲ್ಲೇ ಎಲ್ಲರೂ ಎಡವುವುದು. ಮೂರನೇ ಚಪ್ಪಾಳೆಯನ್ನು ಕೈ ತಾನಾಗಿ ಮುಂದಕ್ಕೋ ಹಿಂದಕ್ಕೋ ಜಾರಿಸುತ್ತದೆ. ಜಾರಿದರೆ ನಿಲ್ಲಿಸಿ, ಪೂರ್ತಿ 'ತಕಿಟ'ಕ್ಕೆ ವಾಪಸ್ ಬನ್ನಿ.

ಬಾಯಲ್ಲಿ ಕೂತ ಮೇಲೆ ಚಮಚದಿಂದ ಸ್ಟೀಲ್ ಲೋಟದ ಮೇಲೆ ಬಾರಿಸಿ, ಚಪ್ಪಾಳೆಯ ಜಾಗಕ್ಕೆ ಕಾಲು ಹಾಕಿ. ಆಮೇಲೆ ನಡೆಯುತ್ತಾ ಬಾರಿಸಿ. ಅದೂ ಸಲೀಸಾದರೆ ಕಾಲಿನ ಲೆಕ್ಕವನ್ನೇ ಬದಲಾಯಿಸಿ: 12 ಅಕ್ಷರಕ್ಕೆ 4 ಹೆಜ್ಜೆಯ ಬದಲು 6 ಹೆಜ್ಜೆ, ಅಂದರೆ 1, 3, 5, 7, 9, 11. ಈಗ ಮಜಾ ನೋಡಿ. ಮೊದಲ ಮೂರು ಪೆಟ್ಟು ಹೆಜ್ಜೆಯ ಮೇಲೇ ಬೀಳುತ್ತವೆ, ಉಳಿದ ನಾಲ್ಕೂ ಹೆಜ್ಜೆಗಳ ನಡುವೆ ಬೀಳುತ್ತವೆ. ಗಂಟೆ ಬದಲಾಗಿಲ್ಲ, ನಿಮ್ಮ ಕಾಲು ಬದಲಾಗಿದೆ, ಅಷ್ಟೇ. ಆದರೂ ಬೇರೆಯೇ ಸಂಗೀತ ಕೇಳಿದ ಹಾಗಾಗುತ್ತದೆ. ಒಂದೇ ನಡೆಯನ್ನು ಎರಡು ಬಗೆಯಲ್ಲಿ ಕೇಳುವ ಈ ಶಕ್ತಿ ಬಂದರೆ ಆ ಸಂಗೀತದ ಬಾಗಿಲು ತೆರೆದ ಹಾಗೆ.

ಡ್ರಮ್ಮರ್‌ಗೆ ಒಂದು ಮಾತು. ಕಿಟ್‌ಗೆ ತರುವಾಗ ಈ ನಡೆಯನ್ನು ಹೈಹ್ಯಾಟ್ ಅಥವಾ ರೈಡ್ ಸಿಂಬಲ್‌ನ ನಡುವಿನ ಉಬ್ಬಿನ ಮೇಲೆ ಇಡಿ, ಕಿಕ್ ನಾಲ್ಕು ಹೆಜ್ಜೆಯ ಮೇಲೆ ಬರಲಿ. ಎರಡು ಮತ್ತು ನಾಲ್ಕಕ್ಕೆ ಸ್ನೇರ್ ಜೋರಾಗಿ ಹೊಡೆಯುವ ರಾಕ್ ಅಭ್ಯಾಸವನ್ನು ಸ್ವಲ್ಪ ದಿನ ಕಟ್ಟಿಡಿ. ಆ ಪೆಟ್ಟು ಬಂದ ಕೂಡಲೇ ಕೇಳುವವರ ಕಿವಿ ಆರು ಹೆಜ್ಜೆಯ ದಾರಿಯನ್ನು ಮರೆತುಬಿಡುತ್ತದೆ.

ಬ್ಯಾಂಡಿನ ಎಲ್ಲರೂ ಇದನ್ನು ಕಲಿಯಬೇಕು, ಹಾಡುವವರೂ ಸೇರಿ. ಡ್ರಮ್ಮರ್ ಒಬ್ಬರೇ ಕಲಿತರೆ ಉಳಿದವರು ಅವರ ಮೇಲೆ ಮಾಮೂಲಿ ರಾಕ್ ನುಡಿಸುತ್ತಾರೆ.

ಹಂತ 4: ಗುರುವನ್ನು ಹುಡುಕಿ

ಹ್ಯಾರಿಸನ್ ರವಿಶಂಕರ್ ಅವರನ್ನು ಭೇಟಿಯಾದ ಕಥೆಯಲ್ಲಿ ನಮ್ಮ ನೆಲದವರೊಬ್ಬರು ಇದ್ದಾರೆ. ಇಂದಿನ ಕರ್ನಾಟಕದಲ್ಲಿ ಹುಟ್ಟಿದ ಅಯನ ದೇವ ಅಂಗಡಿ ಮತ್ತು ಅವರ ಇಂಗ್ಲಿಷ್ ಹೆಂಡತಿ ಪೆಟ್ರೀಷಿಯಾ ಲಂಡನ್‌ನಲ್ಲಿ ಏಷ್ಯನ್ ಮ್ಯೂಸಿಕ್ ಸರ್ಕಲ್ ನಡೆಸುತ್ತಿದ್ದರು. ಹೆಸರಾಂತ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರಾಗಿದ್ದರು. ಬೀಟಲ್ಸ್‌ನ ಹಾಡುಗಳಿಗೆ ಭಾರತೀಯ ವಾದಕರು ಬಂದಿದ್ದು ಈ ಸಂಸ್ಥೆಯ ಮೂಲಕ. 1966ರಲ್ಲಿ ಹ್ಯಾರಿಸನ್‌ಗೆ ರವಿಶಂಕರ್ ಪರಿಚಯವಾಗಿದ್ದೂ ಅಂಗಡಿ ದಂಪತಿಯ ಬಳಗದಲ್ಲೇ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹ್ಯಾರಿಸನ್ ಮುಂಬೈಗೆ ಬಂದು, ಅಲ್ಲಿಂದ ಕಾಶ್ಮೀರಕ್ಕೆ ಹೋಗಿ ಪಾಠ ಹೇಳಿಸಿಕೊಂಡರು.

ಆ ಕಾಲದ ಅತಿ ದೊಡ್ಡ ಬ್ಯಾಂಡಿನ ಗಿಟಾರಿಸ್ಟ್ ನೆಲದ ಮೇಲೆ ಕೂತು ಸರಳೆ ಅಭ್ಯಾಸ ಮಾಡಿದರು ಅನ್ನುವುದನ್ನು ನಾನು ಪದೇ ಪದೇ ನೆನೆಸಿಕೊಳ್ಳುತ್ತೇನೆ. ಹೆಸರು ಮಾಡಿದ ಮೇಲೆ ಮತ್ತೆ ಮೊದಲ ಪಾಠಕ್ಕೆ ಕೂರುವುದು ಎಲ್ಲರಿಂದ ಆಗುವ ಕೆಲಸ ಅಲ್ಲ.

ಕೆಲವರು ಇನ್ನೂ ದೂರ ಹೋದರು. ಕ್ರೀಮ್ ಬ್ಯಾಂಡಿನ ಡ್ರಮ್ಮರ್ ಜಿಂಜರ್ ಬೇಕರ್ 1971ರಲ್ಲಿ ಲ್ಯಾಂಡ್ ರೋವರ್‌ನಲ್ಲಿ ಸಹಾರಾ ದಾಟಿ ನೈಜೀರಿಯಾದ ಲಾಗೋಸ್ ತಲುಪಿದರು, ಫೆಲಾ ಕುಟಿ ಜೊತೆ ನುಡಿಸಿದರು. ಜರ್ಮನಿಯ ಮ್ಯೂನಿಕ್‌ನ ಎಂಬ್ರಿಯೊ ಬ್ಯಾಂಡ್ 1978-79ರಲ್ಲಿ ಬಸ್ಸಿನಲ್ಲಿ ನೆಲದ ದಾರಿಯಲ್ಲೇ ಭಾರತಕ್ಕೆ ಬಂತು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಅವರು ಕೂಡಿ ನುಡಿಸಿದ್ದಾರೆ. ಎಂಬ್ರಿಯೊ ಜೊತೆಗಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಇದೇ ಕಾಲೇಜಿನ ತಂಡದ ಜೊತೆ 1983ರಲ್ಲಿ 'ಜ್ಯೋತಿ' ಅನ್ನುವ ಆಲ್ಬಂ ಮಾಡಿದರು. ಮೃದಂಗದಲ್ಲಿ ಟಿ.ಎ.ಎಸ್. ಮಣಿ, ಗಾಯನದಲ್ಲಿ ಆರ್.ಎ. ರಮಾಮಣಿ. ಈ ದಾರಿಯಲ್ಲಿ ನಡೆಯುವ ಬೆಂಗಳೂರಿನ ಪ್ರತಿ ಬ್ಯಾಂಡೂ ಆ ಆಲ್ಬಂ ಕೇಳಬೇಕು.

ನೀವು ಸಹಾರಾ ದಾಟಬೇಕಾಗಿಲ್ಲ. ಹೀಗೆ ಮಾಡಿ:

- ನಿಮ್ಮ ಊರಿನಲ್ಲಿ ಆ ನಾಡಿನ ವಿದ್ಯಾರ್ಥಿಗಳು, ಕೆಲಸಕ್ಕೆ ಬಂದವರು ಇದ್ದಾರಾ ವಿಚಾರಿಸಿ. ಅವರ ಹಬ್ಬ, ಪ್ರಾರ್ಥನೆಗೆ ಕರೆದರೆ ಹೋಗಿ ಕೇಳಿ.
- ಆನ್‌ಲೈನ್ ಪಾಠ ಹೇಳುವವರು ಮಾಲಿ, ಜಿಂಬಾಬ್ವೆಯಲ್ಲೂ ಇದ್ದಾರೆ. ಮೂರನೆಯವರ ವಿಡಿಯೊಗಿಂತ ಅವರಿಗೇ ಶುಲ್ಕ ಕೊಟ್ಟು ಕಲಿಯಿರಿ.
- ಆಫ್ರಿಕಾ ಮೂಲದ ಸಿದ್ದಿ ಜನ ಯಲ್ಲಾಪುರ, ಹಳಿಯಾಳ ಕಡೆ ತಲೆಮಾರುಗಳಿಂದ ಇದ್ದಾರೆ, ಅವರ ಡಮಾಮಿ ಕುಣಿತ ಇದೆ. ಅದನ್ನು 'ಆಫ್ರಿಕಾ' ಅಂತ ನೋಡದೆ ಸಿದ್ದಿಗಳ ಸಂಗೀತ ಅಂತಲೇ ನೋಡಿ.

ಮೊದಲ ಪಾಠಕ್ಕೆ ಹೋಗುವಾಗ ನಿಮ್ಮ ಹಾಡಿನ ಡೆಮೊ ತೆಗೆದುಕೊಂಡು ಹೋಗಬೇಡಿ. 'ಇದಕ್ಕೆ ಏನಾದರೂ ಹಾಕಿಕೊಡಿ' ಅಂದ ಕೂಡಲೇ ನೀವು ಗಿರಾಕಿ, ಅವರು ಕೆಲಸಗಾರ. ಬರಿಗೈಯಲ್ಲಿ ಹೋಗಿ, ಅವರು ಕಲಿಸುವ ಮೊದಲ ಪಾಠ ಕಲಿಯಿರಿ. ಯಾವ ಹಾಡು ಪೂಜೆಗೆ, ಯಾವುದು ಮನರಂಜನೆಗೆ ಅಂತ ಕೇಳಿ. ಶೋನಾ ಜನ ಪೂರ್ವಜರ ಆತ್ಮಗಳನ್ನು ಕರೆಯುವ ಬಿರಾ ಆಚರಣೆಯಲ್ಲಿ ಎಂಬಿರಾ ನುಡಿಸುತ್ತಾರೆ. ಹಾಗಾಗಿ ಒಂದು ಹಾಡನ್ನು ಬಾರಿನ ವೇದಿಕೆಗೆ ತರಬಹುದಾ ಇಲ್ಲವಾ ಅನ್ನುವುದನ್ನು ಅವರೇ ಹೇಳಲಿ.

ಹಂತ 5: ಅವರ ವಾದ್ಯ ಕೊಳ್ಳಬೇಡಿ, ನಿಮ್ಮ ವಾದ್ಯವನ್ನು ಬಗ್ಗಿಸಿ

1968ರ ಹೊತ್ತಿಗೆ ಹ್ಯಾರಿಸನ್ ಸಿತಾರನ್ನು ಬದಿಗಿಟ್ಟರು. ಚಿಕ್ಕಂದಿನಿಂದ ಸಾಧನೆ ಮಾಡಿದವರ ಮಟ್ಟಕ್ಕೆ ತಾನು ಬರಲಾರೆ ಅನ್ನುವುದು ಅವರಿಗೆ ಸ್ಪಷ್ಟವಾಗಿತ್ತು. ಆದರೆ ಕಲಿತದ್ದು ವ್ಯರ್ಥವಾಗಲಿಲ್ಲ. ಆಮೇಲೆ ಅವರು ಸ್ಲೈಡ್ ಗಿಟಾರ್ ಹಿಡಿದರು. ಸ್ವರದಿಂದ ಸ್ವರಕ್ಕೆ ಜಾರುವ ಅವರ ಆ ಕೈಗುಣದಲ್ಲಿ ಮೀಂಡ್ ಕಲಿತ ಕಿವಿ ಎದ್ದು ಕಾಣುತ್ತದೆ. ಸಿತಾರ್ ಇಲ್ಲದೆಯೇ ಸಿತಾರಿನ ಪಾಠ ಅಲ್ಲಿದೆ. ನನ್ನ ಮಟ್ಟಿಗೆ ಇದು 'ನಾರ್ವೇಜಿಯನ್ ವುಡ್'ಗಿಂತ ದೊಡ್ಡ ಸಾಧನೆ.

ಇಂಗ್ಲೆಂಡಿನ ಗಿಟಾರಿಸ್ಟ್ ಜಾನ್ ಮೆಕ್‌ಲಾಫ್ಲಿನ್ ಗಿಟಾರನ್ನೇ ಬದಲಾಯಿಸಿದರು. ತಮ್ಮ ಬ್ಯಾಂಡ್ ಮಹಾವಿಷ್ಣು ಆರ್ಕೆಸ್ಟ್ರಾದ ಭಾರೀ ವಿದ್ಯುತ್ ಶಬ್ದ ಬಿಟ್ಟು, 1970ರ ದಶಕದ ನಡುವೆ ಎಲ್. ಶಂಕರ್, ಜಾಕಿರ್ ಹುಸೇನ್, ಟಿ.ಎಚ್. ವಿನಾಯಕರಾಮ್ ಜೊತೆ ಶಕ್ತಿ ತಂಡ ಕಟ್ಟಿದರು. ಅದಕ್ಕಾಗಿ ಗಿಬ್ಸನ್ ಕಂಪನಿ ಮಾಡಿಕೊಟ್ಟ ಗಿಟಾರ್‌ನಲ್ಲಿ ಫ್ರೆಟ್‌ಗಳ ನಡುವಿನ ಮರವನ್ನು ಕೊರೆದಿದ್ದರು, ವೀಣೆಯ ಹಾಗೆ ತಂತಿ ಒತ್ತಿ ಎಳೆಯಲು. ಅಡ್ಡಲಾಗಿ ಹೆಚ್ಚುವರಿ ತಂತಿಗಳೂ ಇದ್ದವು. ಆಸ್ಟ್ರೇಲಿಯಾದ ಕಿಂಗ್ ಗಿಜರ್ಡ್ ಬ್ಯಾಂಡ್ 2017ರ ಒಂದು ಆಲ್ಬಂಗೆ ಟರ್ಕಿಯ ಬಾಗ್ಲಾಮಾ ಅನ್ನುವ ತಂತಿವಾದ್ಯ ನೋಡಿ, ಅರ್ಧ ಸ್ವರಗಳ ನಡುವೆ ಇನ್ನಷ್ಟು ಫ್ರೆಟ್ ಕೂರಿಸಿದ ಗಿಟಾರ್‌ಗಳನ್ನು ಬಳಸಿತು. ಮಾಮೂಲಿ ಗಿಟಾರ್‌ನಲ್ಲಿ ಆ ಸ್ವರಗಳು ಸಿಗುವುದೇ ಇಲ್ಲ, ತಂತಿ ಎಳೆದು ಹುಡುಕಬೇಕು.

ಖರ್ಚಿಲ್ಲದ ದಾರಿಯೂ ಇದೆ. ಜಿಂಬಾಬ್ವೆಯ ಥಾಮಸ್ ಮ್ಯಾಪ್‌ಫುಮೊ ಅವರ ಬ್ಯಾಂಡಿನಲ್ಲಿ ಜೋನಾ ಸಿಥೋಲೆ ಮೊದಲಾದ ಗಿಟಾರಿಸ್ಟ್‌ಗಳು ಎಂಬಿರಾದ ಸಾಲುಗಳನ್ನು ಎಲೆಕ್ಟ್ರಿಕ್ ಗಿಟಾರ್‌ಗೆ ತಂದರು. ಎಂಬಿರಾ ಅಂದರೆ ಮರದ ಹಲಗೆಯ ಮೇಲೆ ಕಬ್ಬಿಣದ ಪಟ್ಟಿಗಳನ್ನು ಬಿಗಿದು ಹೆಬ್ಬೆರಳಿನಿಂದ ಮೀಟುವ ವಾದ್ಯ. ಅದರ ದನಿ ಚಿಕ್ಕದು, ದುಂಡಗಿನದು. ಗಿಟಾರ್‌ನಲ್ಲಿ ಅದು ಬರಬೇಕಾದರೆ ಬಲ ಅಂಗೈಯ ಅಂಚನ್ನು ಬ್ರಿಡ್ಜ್‌ಗೆ ತಾಗಿಸಿ ತಂತಿಯ ಗುಂಗನ್ನು ಕಡಿಮೆ ಮಾಡಬೇಕು. ಡಿಸ್ಟಾರ್ಷನ್ ಪೂರ್ತಿ ಬಂದ್. ಆಂಪ್‌ನಲ್ಲಿ ಟ್ರೆಬಲ್ ಸ್ವಲ್ಪ ಇಳಿಸಿ.

ಎಂಬಿರಾ ಸಂಗೀತದಲ್ಲಿ ಸಾಮಾನ್ಯವಾಗಿ ಎರಡು ಭಾಗ. ಮುನ್ನಡೆಸುವುದು ಕುಶೌರಾ, ಹಿಂಬಾಲಿಸುವುದು ಕುಟ್ಸಿನ್‌ಹಿರಾ. ಹಲವು ಹಾಡುಗಳಲ್ಲಿ ಎರಡನೆಯವರು ಮೊದಲನೆಯವರ ಸಾಲನ್ನೇ ಒಂದು ಅಕ್ಷರ ತಡವಾಗಿ ನುಡಿಸಿದ ಹಾಗೆ ಇರುತ್ತದೆ. ಎರಡು ಗಿಟಾರ್ ಇದ್ದರೆ ಇದನ್ನು ಇವತ್ತೇ ಮಾಡಿ ನೋಡಿ. ಹಿಂದಿನ ಹಂತದ 12 ಅಕ್ಷರ ಇಟ್ಟುಕೊಳ್ಳಿ. ಒಂದನೇ ಗಿಟಾರ್ 1, 4, 7, 10ರಲ್ಲಿ ನಾಲ್ಕು ಸ್ವರ ನುಡಿಸಲಿ. ಎರಡನೆಯದು ಅದೇ ನಾಲ್ಕು ಸ್ವರಗಳನ್ನು 2, 5, 8, 11ರಲ್ಲಿ. ಇಬ್ಬರ ಆಂಪ್ ಮಟ್ಟವೂ ಒಂದೇ ಇರಲಿ. ಸ್ವಲ್ಪ ಹೊತ್ತಿಗೆ ಯಾರೂ ನುಡಿಸದ ಮೂರನೇ ಮಟ್ಟೊಂದು ಕೇಳಿಸತೊಡಗುತ್ತದೆ. ಹಾಡುಗಾರರು ಆ ಮೂರನೇ ಮಟ್ಟನ್ನು ಹಿಡಿದು ಹಾಡಲಿ. ಶೋನಾ ಹಾಡುಗಾರರೂ ವಾದ್ಯದ ಒಳಗಿಂದ ಹೀಗೇ ಸಾಲು ಹೆಕ್ಕಿ ಹಾಡುತ್ತಾರೆ.

ಹಂತ 6: ಏನು ತೆಗೆಯಬೇಕು ಅಂತ ನೋಡಿ

ಸೇರಿಸುವುದು ಎಲ್ಲರಿಗೂ ಇಷ್ಟ. ತೆಗೆಯುವುದು ಕಷ್ಟ. ಟಾಕಿಂಗ್ ಹೆಡ್ಸ್ 'ರಿಮೇನ್ ಇನ್ ಲೈಟ್' ಮಾಡುವಾಗ ಬಹಾಮಾಸ್‌ನ ಸ್ಟುಡಿಯೊದಲ್ಲಿ ಕಾರ್ಡ್ ಬದಲಾವಣೆಯನ್ನು ಹೆಚ್ಚೂ ಕಡಿಮೆ ಬಿಟ್ಟುಬಿಟ್ಟರು. ಒಂದೇ ನೆಲೆಯ ಮೇಲೆ ಚಿಕ್ಕ ಚಿಕ್ಕ ಸಾಲುಗಳನ್ನು ಪದರ ಪದರವಾಗಿ ಕೂರಿಸಿದರು. ಹಾಡು ಮುಂದೆ ಸಾಗುವುದು ಯಾವ ಪದರ ಯಾವಾಗ ಬಂತು, ಯಾವಾಗ ಹೋಯಿತು ಅನ್ನುವುದರಿಂದ. ವೇದಿಕೆಯಲ್ಲಿ ಅಷ್ಟನ್ನೂ ನುಡಿಸಲು ನಾಲ್ಕು ಜನರ ಬ್ಯಾಂಡ್ ಸಾಲದೆ ಇನ್ನಷ್ಟು ಜನರನ್ನು ಸೇರಿಸಿಕೊಂಡರು.

ನಿಮ್ಮ ಹಾಡಿನಲ್ಲಿ ನಾಲ್ಕು ಕಾರ್ಡ್ ಇದ್ದರೆ ಒಂದಕ್ಕೋ ಎರಡಕ್ಕೋ ಇಳಿಸಿ ನೋಡಿ. ಪವರ್ ಕಾರ್ಡ್ ತೆಗೆದುಹಾಕಿ. ಗಿಟಾರ್ ಸೋಲೊ ಇಲ್ಲದೆ ಹಾಡು ನಿಲ್ಲುತ್ತದಾ ಪರೀಕ್ಷಿಸಿ. ನಿಲ್ಲದಿದ್ದರೆ ತಾಳ ಇನ್ನೂ ಗಟ್ಟಿಯಾಗಿಲ್ಲ. ಹಂತ 3ಕ್ಕೆ ವಾಪಸ್.

ಹಂತ 7: ಶ್ರುತಿ ಗೊತ್ತು ಮಾಡಿ, ಆಮೇಲೆ ಒಟ್ಟಿಗೆ ಕೂತು ನುಡಿಸಿ

ಅತಿಥಿ ವಾದಕರನ್ನು ಕರೆಯುವ ಮೊದಲು ಒಂದು ಫೋನ್ ಮಾಡಿ: 'ನಿಮ್ಮ ವಾದ್ಯದ ಶ್ರುತಿ ಯಾವುದು?' ರಾಕ್ ಗಿಟಾರಿಸ್ಟ್‌ಗೆ ಇ (E) ಶ್ರುತಿ ಸುಲಭ, ಆದರೆ ಘಟಕ್ಕೆ ಅದರದೇ ಶ್ರುತಿ ಇರುತ್ತದೆ, ಬೇರೆ ಶ್ರುತಿಗೆ ಬೇರೆ ಘಟವೇ ಬೇಕು. ತಬಲಾ, ಮೃದಂಗ ಒಂದು ಮಿತಿಯೊಳಗೆ ಮಾತ್ರ ಏರಿಳಿಯುತ್ತವೆ. ಕೋರಾಗೆ 21 ತಂತಿ, ಪ್ರತಿ ಹಾಡಿಗೂ ಮತ್ತೆ ಶ್ರುತಿ ಮಾಡಿ ಅನ್ನುವ ಹಾಗಿಲ್ಲ. ಎಂಬಿರಾದ ಕಬ್ಬಿಣದ ಪಟ್ಟಿಗಳ ಶ್ರುತಿ ನಿಮ್ಮ ಟ್ಯೂನರ್‌ನ ಯಾವ ಸ್ವರಕ್ಕೂ ಸರಿಯಾಗಿ ಕೂರದೇ ಇರಬಹುದು. ಅಂಥ ಕಡೆ ಗಿಟಾರನ್ನೇ ಅದಕ್ಕೆ ಹೊಂದಿಸಿ. ಗಿಟಾರ್‌ಗೆ ಶ್ರುತಿ ಏರಿಸುವ ಕ್ಯಾಪೊ ಅನ್ನುವ ಕ್ಲಿಪ್ ಇದೆ, ಹಾಡುಗಾರ ಅರ್ಧ ಸ್ವರ ಆಚೀಚೆ ಹೋಗಬಹುದು. ಬಗ್ಗಬೇಕಾದವರು ನಾವು.

ರೆಕಾರ್ಡಿಂಗ್‌ಗೆ ಎರಡು ಮಾದರಿ ಹೇಳುತ್ತೇನೆ. 1992ರಲ್ಲಿ ಅಮೆರಿಕದ ಗಿಟಾರಿಸ್ಟ್ ರೈ ಕೂಡರ್ ಮತ್ತು ಮೋಹನವೀಣೆಯ ವಿಶ್ವಮೋಹನ್ ಭಟ್ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಒಂದು ಚರ್ಚಿನಲ್ಲಿ ಭೇಟಿಯಾಗಿ, ಸ್ವಲ್ಪ ಹೊತ್ತಿನಲ್ಲೇ ನುಡಿಸಲು ಶುರು ಮಾಡಿದರು. ಆ ಆಲ್ಬಂಗೆ ಗ್ರ್ಯಾಮಿ ಬಂತು. ಇದನ್ನು ನೋಡಿ 'ತಯಾರಿ ಬೇಡ' ಅಂದುಕೊಳ್ಳಬೇಡಿ. ಇಬ್ಬರ ಹಿಂದೆಯೂ ದಶಕಗಳ ಸಾಧನೆ ಇತ್ತು. ನಮ್ಮಂಥವರಿಗೆ ಎರಡನೇ ಮಾದರಿ ಒಳ್ಳೆಯದು.

ಅಮೆರಿಕದ ಹಾಡುಗಾರ ಪಾಲ್ ಸೈಮನ್ 1985ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ಗೆ ಹೋದಾಗ ಕೈಯಲ್ಲಿ ಸಿದ್ಧ ಹಾಡು ಇರಲಿಲ್ಲ. ಅಲ್ಲಿನ ತಂಡಗಳು ತಮ್ಮದೇ ರೀತಿಯಲ್ಲಿ ನುಡಿಸಿದವು, ಟೇಪ್ ಓಡುತ್ತಿತ್ತು. ಗಿಟಾರಿಸ್ಟ್ ರೇ ಫಿರಿ, ಫ್ರೆಟ್ ಇಲ್ಲದ ಬೇಸ್ ನುಡಿಸುವ ಬಕಿಥಿ ಕುಮಾಲೊ ಅಲ್ಲೇ ಸಿಕ್ಕಿದವರು. ಸೈಮನ್ ಟೇಪ್‌ಗಳನ್ನು ನ್ಯೂಯಾರ್ಕ್‌ಗೆ ತಂದು, ಆ ತಾಳಕ್ಕೆ ತಕ್ಕಂತೆ ಸಾಹಿತ್ಯ, ಮಟ್ಟು ಬರೆದರು. ಹೀಗೆ ಬಂದದ್ದೇ 1986ರ 'ಗ್ರೇಸ್‌ಲ್ಯಾಂಡ್'. ಅದರಲ್ಲಿ ಕುಮಾಲೊ ಅವರ ಒಂದು ಚಿಕ್ಕ ಬೇಸ್ ತುಣುಕು ಹೆಸರುವಾಸಿ. ಅದರ ಎರಡನೇ ಅರ್ಧ ಮೊದಲ ಅರ್ಧವನ್ನೇ ಟೇಪ್‌ನಲ್ಲಿ ಹಿಂದುಮುಂದಾಗಿ ಓಡಿಸಿದ್ದು.

ನೀವೂ ಹಾಗೇ ಮಾಡಿ. ಅತಿಥಿಗಳು ಮೊದಲು ನುಡಿಸಲಿ, ಕ್ಲಿಕ್ (ಕಾಲ ತೋರಿಸುವ ಯಂತ್ರದ ಟಿಕ್ ಟಿಕ್) ಇಲ್ಲದೆ. ಅವರ ಕಾಲಪ್ರಮಾಣ ಸ್ವಲ್ಪ ಉಸಿರಾಡಲಿ. ನಿಮ್ಮ ಬ್ಯಾಂಡ್ ಅದರ ಮೇಲೆ ಕೂರಲಿ. ಮುಗಿದ ಟ್ರ್ಯಾಕ್ ಕೊಟ್ಟು 'ಎಂಟು ಬಾರ್ ಇಲ್ಲಿ ನುಡಿಸಿ' ಅಂದರೆ ನಿಮಗೆ ಸಿಗುವುದು ಅಲಂಕಾರ ಮಾತ್ರ.

'ಗ್ರೇಸ್‌ಲ್ಯಾಂಡ್' ಸುತ್ತ ಜಗಳವೂ ಆಯಿತು. ವರ್ಣಭೇದ ನೀತಿಯ ವಿರುದ್ಧ ವಿಶ್ವಸಂಸ್ಥೆ ದಕ್ಷಿಣ ಆಫ್ರಿಕಾದ ಮೇಲೆ ಸಾಂಸ್ಕೃತಿಕ ಬಹಿಷ್ಕಾರಕ್ಕೆ ಕರೆ ಕೊಟ್ಟಿತ್ತು. ಅದನ್ನು ಮೀರಿ ಹೋದರು ಅನ್ನುವ ಟೀಕೆ ಸೈಮನ್ ಮೇಲೆ ಬಂತು. ಅಲ್ಲಿನ ಕಪ್ಪು ಸಂಗೀತಗಾರರಿಗೆ ಲೋಕದ ವೇದಿಕೆ ಸಿಕ್ಕಿದ್ದು ನಿಜ. ಆದರೆ ಹೋರಾಟದಲ್ಲಿದ್ದ ಜನರ ಮುಖಂಡರನ್ನು ಮೊದಲೇ ಕೇಳಿ ಹೋಗಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

ಹಂತ 8: ಹಣ, ಹೆಸರು, ಹಕ್ಕು

ಜೋಹಾನ್ಸ್‌ಬರ್ಗ್‌ನ ವಾದಕರಿಗೆ ಸೈಮನ್ ಕೊಟ್ಟದ್ದು ನ್ಯೂಯಾರ್ಕ್ ಯೂನಿಯನ್ ದರದ ಮೂರು ಪಟ್ಟು. ಅಲ್ಲಿನ ಜುಲು ಗಾಯಕರ ತಂಡ ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊದ ಜೋಸೆಫ್ ಶಬಲಾಲಾ ಹೆಸರು 'ಹೋಮ್‌ಲೆಸ್' ಹಾಡಿನ ರಚನೆಕಾರರ ಸಾಲಿನಲ್ಲಿ ಸೈಮನ್ ಜೊತೆಗೇ ಇದೆ.

ಇದಕ್ಕೆ ವಿರುದ್ಧದ ಕಥೆ ಅದೇ ದಕ್ಷಿಣ ಆಫ್ರಿಕಾದ್ದು. ಸೊಲೊಮನ್ ಲಿಂಡಾ 1939ರಲ್ಲಿ 'ಎಂಬುಬೆ' ಹಾಡಿ ರೆಕಾರ್ಡ್ ಮಾಡಿದರು. ಅದರ ಹಕ್ಕಿಗೆ ಅವರಿಗೆ ಸಿಕ್ಕಿದ್ದು 10 ಶಿಲ್ಲಿಂಗ್. ಅದೇ ಮಟ್ಟು ಅಮೆರಿಕದಲ್ಲಿ 'ದ ಲಯನ್ ಸ್ಲೀಪ್ಸ್ ಟುನೈಟ್' ಆಗಿ ಲೋಕವೆಲ್ಲ ಸುತ್ತಿತು. ಲಿಂಡಾ ಬಡತನದಲ್ಲೇ ತೀರಿಕೊಂಡರು. ಅವರ ಹೆಣ್ಣುಮಕ್ಕಳು ಮೊಕದ್ದಮೆ ಹೂಡಿ, 2006ರಲ್ಲಿ ರಾಜಿಯಾಗಿ ಪಾಲು ಸಿಕ್ಕಿತು. ಓದಿದಾಗಲೆಲ್ಲ ಸಂಕಟ ಆಗುತ್ತದೆ.

ಹೆಸರು ಹಾಕುವುದಕ್ಕೆ ಪೈಸೆ ಖರ್ಚಿಲ್ಲ. ಆದರೂ ತಪ್ಪುತ್ತದೆ. ಬೀಟಲ್ಸ್‌ನ 1966ರ ಆಲ್ಬಂ ಕವರ್ ಮೇಲೆ ತಬಲಾ ನುಡಿಸಿದ ಅನಿಲ್ ಭಾಗವತ್ ಹೆಸರಿದೆ. 1967ರ ಆಲ್ಬಂನಲ್ಲಿ 'ವಿದಿನ್ ಯು ವಿದೌಟ್ ಯು'ಗೆ ದಿಲ್‌ರುಬಾ, ತಬಲಾ ನುಡಿಸಿದವರ ಹೆಸರು ಒಂದೂ ಇರಲಿಲ್ಲ.

ನೀವು ಮಾಡಬೇಕಾದದ್ದು:

- ನುಡಿಸುವ ದಿನವೇ ಒಂದು ಹಾಳೆಯಲ್ಲಿ ಹಾಡಿನ ಹೆಸರು, ಯಾರು ಏನು ನುಡಿಸಿದರು, ರಚನೆಯಲ್ಲಿ ಯಾರ ಪಾಲು ಶೇಕಡಾ ಎಷ್ಟು ಅಂತ ಬರೆದು ಎಲ್ಲರೂ ಸಹಿ ಮಾಡಿ. ಪ್ರತಿಯೊಬ್ಬರಿಗೂ ಒಂದು ಪ್ರತಿ ಇರಲಿ.
- ಅವರ ನಡೆಯ ಮೇಲೆ ನಿಮ್ಮ ಹಾಡು ನಿಂತಿದ್ದರೆ ಅವರು ಸಹ-ರಚನೆಕಾರರು. ದಿನದ ಸಂಭಾವನೆ ಬೇರೆ, ಈ ಪಾಲು ಬೇರೆ.
- ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಸಾಹಿತ್ಯ ಮತ್ತು ಸಂಗೀತ ರಚನೆಕಾರರ ರಾಯಲ್ಟಿ ಪಾಲನ್ನು ಕಾಪಾಡುತ್ತದೆ. ರಚನೆಕಾರರ ರಾಯಲ್ಟಿ ಸಂಗ್ರಹಿಸುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ಹಾಡು ನೋಂದಾಯಿಸುವಾಗ ಅವರ ಹೆಸರನ್ನೂ ಸೇರಿಸಿ.
- 'ಜಾನಪದ, ಯಾರದ್ದೂ ಅಲ್ಲ' ಅನ್ನುವ ಮುಂಚೆ ವಿಚಾರಿಸಿ. ಶಿಶುನಾಳ ಷರೀಫರ ಪದಗಳು ಎಲ್ಲರಿಗೂ ಮುಕ್ತ, ಆದರೆ ಸಿ. ಅಶ್ವತ್ಥ್ ಅವುಗಳಿಗೆ ಕೂರಿಸಿದ ಧಾಟಿ ಅಶ್ವತ್ಥ್ ಅವರದು. ಬೇರೆ ನಾಡಿನಲ್ಲೂ ಹೀಗೆಯೇ.

ಹಂತ 9: ಮಿಕ್ಸ್ ಮತ್ತು ವೇದಿಕೆ

ಮೃದಂಗದ ಎಡಭಾಗ, ಕಿಕ್, ಬೇಸ್ ಗಿಟಾರ್ ಮೂರೂ ಒಂದೇ ತಗ್ಗು ದನಿಯಲ್ಲಿ ಕಿತ್ತಾಡುತ್ತವೆ. ಎರಡನ್ನು ಇಟ್ಟುಕೊಂಡು ಒಂದನ್ನು ಕಡಿಮೆ ಮಾಡಿ. ನನ್ನ ಆಯ್ಕೆ ಕಿಕ್ ಕಡಿಮೆ ಮಾಡುವುದು. ಕ್ರ್ಯಾಶ್ ಸಿಂಬಲ್ ಸಿತಾರ್, ಎಂಬಿರಾ, ಕೋರಾಗಳ ಮೇಲಿನ ಹೊಳಪನ್ನು ನುಂಗುತ್ತದೆ. ಅದನ್ನು ಕಿಟ್‌ನಿಂದಲೇ ತೆಗೆಯಿರಿ. ಎಂಬಿರಾಗೆ ಕಟ್ಟಿದ ಚಿಪ್ಪು, ಬಾಟಲಿ ಮುಚ್ಚಳಗಳ ಝೇಂಕಾರ ಕೇಳಿ ಕೆಲವು ಎಂಜಿನಿಯರ್‌ಗಳು ಗದ್ದಲ ಅಂತ ಕತ್ತರಿಸಿಬಿಡುತ್ತಾರೆ. ಅದನ್ನು ಬೇಕಂತಲೇ ಕಟ್ಟಿರುತ್ತಾರೆ, ಹಾಗೇ ಇರಲಿ ಅಂತ ಮೊದಲೇ ಹೇಳಿ.

ಮಿಕ್ಸ್ ಆದ ಮೇಲೆ ಬಿಡುಗಡೆಗೆ ಮುಂಚೆ ಅತಿಥಿಗಳಿಗೆ ಕಳಿಸಿ. ಅವರು ಕಾರಿನಲ್ಲಿ, ಫೋನಿನಲ್ಲಿ ಕೇಳಲಿ. 'ಇಲ್ಲಿ ನನ್ನ ತಾಳ ತಪ್ಪಿದ ಹಾಗೆ ಎಡಿಟ್ ಆಗಿದೆ' ಅಂದರೆ ತಿದ್ದಿ. ಕಂಪ್ಯೂಟರ್‌ನಲ್ಲಿ ಪೆಟ್ಟುಗಳನ್ನು ಗ್ರಿಡ್‌ಗೆ ಎಳೆದಿದ್ದರೆ ಇಂಥ ದೂರು ಬಂದೇ ಬರುತ್ತದೆ.

ಕಾರ್ಯಕ್ರಮಕ್ಕೆ ಒಪ್ಪಂದ ಆಗುವಾಗಲೇ ಅತಿಥಿಯ ಸಂಭಾವನೆ, ಪ್ರಯಾಣ, ಊಟ, ಉಳಿಯುವ ವ್ಯವಸ್ಥೆ ಅದರೊಳಗೆ ಸೇರಿರಲಿ. ಪೋಸ್ಟರ್‌ನಲ್ಲಿ ಅವರ ಹೆಸರು ನಿಮ್ಮ ಹೆಸರಿನ ಅಳತೆಯಲ್ಲೇ ಇರಲಿ. ಸೌಂಡ್ ಚೆಕ್‌ನಲ್ಲಿ ಡ್ರಮ್ಸ್‌ನಿಂದ ಶುರು ಮಾಡುವ ಮಾಮೂಲಿ ಕ್ರಮ ಬಿಡಿ. ಮೊದಲು ಅತಿಥಿಯ ವಾದ್ಯಕ್ಕೆ ಮೈಕ್ ಹೊಂದಿಸಿ, ಅದು ಸಭೆಯ ಕೊನೆಯ ಸಾಲಿಗೆ ಸ್ಪಷ್ಟವಾಗಿ ಕೇಳುವ ಮಟ್ಟ ನೋಡಿ. ಗಿಟಾರ್ ಆಂಪ್ ಅವರ ಮೈಕ್‌ಗೆ ಎದುರಾಗಿರಬಾರದು, ಪಕ್ಕಕ್ಕೆ ತಿರುಗಿಸಿಡಿ. ನೆಲದ ಮೇಲೆ ಕೂತು ನುಡಿಸುವವರಾದರೆ ಎತ್ತರದ ಒಂದು ಹಲಗೆ, ಅವರಿಗೇ ಬೇರೆ ಮಾನಿಟರ್ ಬೇಕು. ಆ ಮಾನಿಟರ್‌ನಲ್ಲಿ ಏನು ಕೇಳಬೇಕು ಅಂತ ಅವರನ್ನೇ ಕೇಳಿ. ಹೆಚ್ಚಿನವರು ಕೇಳುವುದು ಶ್ರುತಿ ಮತ್ತು ಹಾಡುಗಾರರ ದನಿ. ಅದಾದ ಮೇಲೆ ನಿಮ್ಮ ಬ್ಯಾಂಡಿನ ಒಂದೊಂದೇ ವಾದ್ಯವನ್ನು ಅದರ ಕೆಳಗೆ ಸೇರಿಸುತ್ತಾ ಬನ್ನಿ.